ಲಾಳಿಯ ಸದ್ದಿಗೆ ಉಂಡವಳು

ಇವತ್ತು ಬೆಳಿಗ್ಗೆ ಕರೆಂಟು ಹೋಯಿತು. ನಮ್ಮ ಬನಹಟ್ಟಿಯ ಓಣಿಯಲ್ಲಿ ಅದು ಮೊದಲು ತಿಳಿಯುವುದು ಕಿವಿಗೆ. ಮನೆಮನೆಯ ಮಗ್ಗಗಳು ಒಮ್ಮೆಲೇ ಸುಮ್ಮನಾಗುತ್ತವೆ. ಬೇರೆಯವರು ಆಗ ಬೀಸಣಿಗೆ ಹುಡುಕುತ್ತಾರೆ. ನಾನು ಮೊಮ್ಮಗಳು ಸುಮಾ ಎಲ್ಲಿದ್ದಾಳೆಂದು ನೋಡುತ್ತೇನೆ. ಲಾಕ್‌ಡೌನ್ ಕಲಿಸಿದ ಚಟ ಅದು.

ಆಗ ಅವಳಿಗೆ ಒಂಬತ್ತು ವರ್ಷ. ಆಟಿಸಂ ಇರುವ ಹುಡುಗಿ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ನಾನೋ, ಜಮಖಂಡಿಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಹಾಸಿಗೆಯ ಚಾದರದ ಮೂಲೆ ಎಷ್ಟು ಬೆರಳು ಮಡಚಬೇಕೆಂಬುದಕ್ಕೂ ನನ್ನಲ್ಲಿ ನಿಯಮವಿತ್ತು. ರಿಟೈರ್ ಆದ ಮೇಲೆ ಆಳಲು ವಾರ್ಡ್ ಇರಲಿಲ್ಲ, ಮನೆಯಿತ್ತು. ನಾನು ಬಾಗಿಲಿಗೆ ಬಂದರೆ ಮಗ ಶಿವಾನಂದ ಈಗಲೂ ಹರವಿಕೊಂಡ ಪೇಪರನ್ನು ಮಡಚಿಡುತ್ತಾನೆ ಎಂದರೆ ಉಳಿದದ್ದನ್ನು ನೀವೇ ಊಹಿಸಿ.

ಲಾಕ್‌ಡೌನಿನಲ್ಲಿ ನೂಲಿನ ಲಾರಿ ನಿಂತವು. ನಮ್ಮ ಪಡಸಾಲೆಯ ಎರಡೂ ಮಗ್ಗ ನಿಂತವು. ನಾಲ್ಕನೆಯ ದಿನಕ್ಕೆ ಸುಮಾ ಊಟ ಬಿಟ್ಟಳು. ತಾಟು ನೂಕುವುದು, ತನ್ನ ಕೈ ತಾನೇ ಕಚ್ಚಿಕೊಳ್ಳುವುದು. ದಿನಕ್ಕೆ ಎರಡು ಲೋಟ ಹಾಲು, ಅಷ್ಟೇ. ಡಾಕ್ಟರು ಫೋನಿನಲ್ಲಿ ಗಾಬರಿಯಾಗಬೇಡಿ ಎಂದರು. ಆದರೆ ಅವಳ ಬಳೆ ಮೊಣಕೈತನಕ ಸರಿಯುತ್ತಿತ್ತು, ಅದು ಫೋನಿನಲ್ಲಿ ಕಾಣಿಸುವಂಥದ್ದಲ್ಲ.

ಮನೆಯಲ್ಲಿ ಶಿಸ್ತಿಲ್ಲ, ಅದೇ ರೋಗ ಎಂದು ನಾನು ತೀರ್ಮಾನಿಸಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕೆಂಪು, ನೀಲಿ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಅಂಟಿಸಿದೆ. ಮಧ್ಯಾಹ್ನ ಸರಿಯಾಗಿ ಹನ್ನೆರಡೂವರೆಗೆ ದೇವರ ಮನೆಯ ಗಂಟೆ ತಂದು ಬಾರಿಸಿದೆ. ಸುಮಾ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೊಕ್ಕಳು. ಕೇಳಿಸಲಿಲ್ಲವೇನೋ ಎಂಬಂತೆ ನಾನು ಮತ್ತಷ್ಟು ಜೋರಾಗಿ ಬಾರಿಸಿದೆ.

ಸೊಸೆ ಗೀತಾ ಒಳಗಿನಿಂದ ಬಂದಳು. "ಅತ್ತಿ, ಇದು ನಿಮ್ಮ ವಾರ್ಡ್ ಅಲ್ರಿ."

"ಹಿಂಗ ಬಿಟ್ರ ಉಣ್ತಾಳೇನು?"

"ಗಂಟಿ ಬಾರಿಸಿದ್ರ ಉಣ್ತಾಳೇನ್ರಿ? ಅದಕ್ಕ ದೇವರೂ ಉಣ್ಣಂಗಿಲ್ಲ."

ಗಂಟೆ ಇಡಲು ಹೋದಾಗ ಒಲೆಯ ಪಕ್ಕದಲ್ಲಿ ಗೀತಾಳ ತಾಟು ಕಂಡಿತು. ಬೆಳಗಿನ ರೊಟ್ಟಿ ಮುರಿಯದೆ ಹಾಗೇ ಒಣಗಿತ್ತು. ಊಟ ಬಿಟ್ಟವರು ಮನೆಯಲ್ಲಿ ಇಬ್ಬರು.

ಮರುದಿನ ಪಡಸಾಲೆಯ ಹೊಸ್ತಿಲ ಮೇಲೆ ಸುಮಾ ಕೂತಿದ್ದಳು. ಕೆನ್ನೆಯನ್ನು ಹೊಸ್ತಿಲಿಗೆ ತಾಗಿದ್ದ ಮಗ್ಗದ ಕಟ್ಟಿಗೆಗೆ ಒತ್ತಿಕೊಂಡು, ಬಾಯಿ ತುಸು ತೆರೆದುಕೊಂಡು. ಆಗ ನೆನಪಾಯಿತು: ಅವಳು ಉಣ್ಣುತ್ತಿದ್ದುದು ಅಲ್ಲೇ, ಮಗ್ಗ ಓಡುವಾಗ. ಸಿಕ್ಕಸಿಕ್ಕವರ ನಾಡಿ, ಜ್ವರ ಬರೆದಿಟ್ಟ ನಾನು ಇದನ್ನು ಒಂದು ದಿನವೂ ಗಮನಿಸಿರಲಿಲ್ಲ.

ಮಗನನ್ನು ಕರೆದು ಮಗ್ಗ ಚಾಲೂ ಮಾಡು ಎಂದೆ.

"ನೂಲಿಲ್ದ ಲಾಳಿ ಓಡಸಬಾರ್ದು ಬೇ ಅವ್ವಾ. ಅಪ್ಪ ಇದ್ದಿದ್ರ ನನ್ನ ಕೈ ಮುರೀತಿದ್ದ."

"ನಿಮ್ಮಪ್ಪಗ ನಾ ಹೇಳ್ಕೋತೀನಿ. ಹಾಕು."

ಹಾಕಿದ. ಖಾಲಿ ಲಾಳಿ ಮಗ್ಗದ ಈ ತುದಿಯಿಂದ ಆ ತುದಿಗೆ ಹಾರತೊಡಗಿತು. ಅಷ್ಟರಲ್ಲಿ ಒಳಗೆ ಹೋಗಿದ್ದ ಸುಮಾ ಓಡಿ ಬಂದಳು, ಕೂತಳು, ಕೇಳಿದಳು. ಎರಡು ನಿಮಿಷಕ್ಕೆ ಮುಖ ಬಾಡಿತು, ಎದ್ದು ಹೋದಳು. ಶಿವಾನಂದ ತಲೆ ಕೆರೆದುಕೊಂಡ. "ಖಾಲಿ ಲಾಳಿ ದನಿ ಬ್ಯಾರೆ ಬೇ. ನಮಗ ನೇಕಾರರಿಗೆ ಗೊತ್ತಾಗ್ತೈತಿ. ಅಕಿಗೆ ಏನ್ ತಿಳೀತೈತಿ ಅಂದ್ಕೊಂಡಿದ್ದೆ."

ಮಗ್ಗದ ಮೇಲೆ ಎರಡು ಸೀರೆಯಷ್ಟು ಹಾಸು, ಅಂದರೆ ಉದ್ದದ ಎಳೆ, ಉಳಿದಿತ್ತು. ಅಡ್ಡ ಹಾಯುವ ನೂಲು ಮಾತ್ರ ಇರಲಿಲ್ಲ. ಗೀತಾ ಹಿತ್ತಲ ಗೋಡೆಗೆ ನಿಂತು ಓಣಿಯ ಹೆಂಗಸರನ್ನು ಕೇಳಿದಳು. ಕೆಂಪು, ಗಿಳಿಹಸಿರು, ಸಾಸಿವೆ ಬಣ್ಣ, ಯಾರ ಮನೆಯಲ್ಲಿ ಉಳಿದ ತುಂಡುಗಳೋ, ಗೋಡೆಯ ಮೇಲಿಂದ ಬಂದು ಬಿದ್ದವು. ಅವನ್ನು ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ಸುತ್ತಲು ನಾನೂ ಕೂತೆ. ಎಳೆ ಪದೇ ಪದೇ ಹರಿಯಿತು.

"ಅತ್ತಿ, ಮೆತ್ತಗ ಹಿಡೀರಿ. ಅದೇನ್ ನಿಮ್ಮ ಇಂಜೆಕ್ಷನ್ನಿಗೆ ಓಡಿ ಹೋಗೋ ಪೇಷಂಟ್ ಅಲ್ಲ," ಎಂದು ಗೀತಾ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು.

ಹನ್ನೊಂದು ಗಂಟೆಯ ಸುಮಾರಿಗೆ, ಮೊದಲಾದರೆ ಮಗ ಚಹಾ ಕುಡಿದು ಮತ್ತೆ ಮಗ್ಗಕ್ಕೆ ಬರುತ್ತಿದ್ದ ಹೊತ್ತಿಗೆ, ಮಗ್ಗ ಓಡಿತು. ಸುಮಾ ಬಂದು ಹೊಸ್ತಿಲ ಮೇಲೆ ಕೂತಳು. ಗೀತಾ ಮಜ್ಜಿಗೆಯಲ್ಲಿ ಕಿವುಚಿದ ರೊಟ್ಟಿಯ ತುತ್ತು ಹಿಡಿದಳು. ಸುಮಾ ಬಾಯಿ ತೆರೆದಳು. ಮತ್ತೊಮ್ಮೆ ತೆರೆದಳು. ಅರ್ಧ ತಾಟು ಖಾಲಿಯಾಯಿತು. ಉಳಿದರ್ಧವನ್ನು ಗೀತಾ ಅದೇ ತಾಟಿನಲ್ಲಿ, ಅಲ್ಲೇ ನೆಲದ ಮೇಲೆ ಕೂತು ಉಂಡಳು.

ನೂಲು ಹೆಚ್ಚು ದಿನ ಬರಲೆಂದು ಊಟದ ಹೊತ್ತಿಗಷ್ಟೇ ಮಗ್ಗ ಓಡಿಸಿದೆವು. ಲಾರಿ ಬರುವವರೆಗೆ ಹಾಗೆಯೇ ಸಾಗಿತು. ನನ್ನ ವೇಳಾಪಟ್ಟಿಯನ್ನು ನಾನೇ ಕಿತ್ತು ರೊಟ್ಟಿ ಡಬ್ಬಿಯ ಕೆಳಗೆ ಹಾಸಿದೆ. ಮನೆಯಲ್ಲಿ ಶಿಸ್ತಿನವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ, ನನಗಿಂತ ಕಟ್ಟುನಿಟ್ಟಿನವಳು ಮಂಚದ ಕೆಳಗಿದ್ದಳು.

ಮೊನ್ನೆ ಮುಧೋಳದಿಂದ ಒಬ್ಬ ತಾಯಿ ಬಂದಿದ್ದಳು. ಅವಳ ಮಗಳೂ ಸುಮಾಳ ಹಾಗೆಯೇ, ಸರಿಯಾಗಿ ಉಣ್ಣುವುದಿಲ್ಲ. "ನೀವು ನರ್ಸ್ ಇದ್ರಂತಲ್ರಿ, ಯಾವ ಹೊತ್ತಿಗೆ ಏನ್ ಮಾಡ್ಬೇಕು, ಒಂದ್ ಹಾಳ್ಯಾಗ ಬರದ ಕೊಡ್ರಿ," ಎಂದಳು.

"ಮನ್ಯಾಗ ಕೂಸು ಎಲ್ಲಿ ಕೂಡ್ತೈತಿ? ಅಲ್ಲಿ ಏನ್ ಕೇಳಸ್ತೈತಿ?"

ಅವಳು ನಮ್ಮ ಮಗ್ಗದತ್ತ ತಿರುಗಿದಳು. "ನೋಡಿಲ್ರಿ."

"ಎರಡು ದಿನ ಅದರ ಬಾಜೂಕ ಸುಮ್ಮನ ಕೂಡವ್ವಾ. ಆಮ್ಯಾಲೆ ಬಾ, ನೀ ಹೇಳಿದ್ದು ನಾ ಬರಕೋತೀನಿ."