ಇಲ್ಲೇ ಹುಟ್ಟಿದವರು

ಭಾವನವರ ಮೇಲೆ ಸೇಡು ತೀರಿಸಿಕೊಂಡ ದಿನ ನಾನು ಹೊಟ್ಟೆ ತುಂಬ ಉಂಡೆ. ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅವರು ನನ್ನ ಗಂಡನ ಅಣ್ಣ, ಮನೆಯ ಹಿರಿಯ ಮಗ, ಶಾಮನೂರಿನ ಹಳೇ ಕೇರಿಯ ದೊಡ್ಡ ಕುಳ. ನಾನು ಹರಿಹರದ ಹೆಣ್ಣು. ಹರಿಹರವೆಂದರೆ ಏಳು ಸಮುದ್ರದ ಆಚೆ ಇಲ್ಲ. ದಾವಣಗೆರೆ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ, ನಿದ್ದೆ ಹತ್ತುವುದರೊಳಗೆ ಕಂಡಕ್ಟರ್ ಇಳಿಯಿರಿ ಅನ್ನುತ್ತಾನೆ. ಆದರೂ ಆ ಮನೆಯಲ್ಲಿ ನಾನು ಮದುವೆಯಾದ ದಿನದಿಂದ 'ಹರಿಹರದಾಕಿ'ಯೇ. ಸಾರಿಗೆ ಉಪ್ಪು ಹೆಚ್ಚಾದರೆ, "ನಿಮ್ಮ ಹರಿಹರದಾಗ ಹಿಂಗೇ ಉಣ್ತಾರೇನು?" ಹೊಲದ ಮಾತಿಗೆ ಬಾಯಿ ಹಾಕಿದರೆ, "ಹೊರಗಿಂದ ಬಂದೋರಿಗೆ ಅದೆಲ್ಲ ತಿಳಿಯಂಗಿಲ್ಲ, ಬಿಡು."

ಕೇಳಿಸಿಕೊಂಡು ಸುಮ್ಮನಿದ್ದೆ. ಮರೆತಿದ್ದೆ ಎಂದಲ್ಲ.

ದಾವಣಗೆರೆಯ ಕಾಲೇಜೊಂದರಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಜನಸಂಖ್ಯೆ, ವಲಸೆ, ನಗರೀಕರಣ, ವರ್ಷವೂ ಅದೇ ಪಾಠ. ವಲಸೆ ಎಂದ ಕೂಡಲೇ ಮಕ್ಕಳಿಗೆ ಗಂಟುಮೂಟೆ ಕಟ್ಟಿಕೊಂಡು ಕೆಲಸ ಹುಡುಕಿ ಹೊರಟ ಗಂಡಸರೇ ನೆನಪಾಗುತ್ತಾರೆ. ನಾನು ಮೊದಲು ಕೇಳುವುದು, "ನಿಮ್ಮವ್ವನ ತವರು ಯಾವುದು?" ಎಂದು. ನಮ್ಮ ದೇಶದಲ್ಲಿ ಊರು ಬಿಟ್ಟು ಊರಿಗೆ ಬಂದವರಲ್ಲಿ ಹೆಚ್ಚಿನವರು ಮದುವೆಯಾಗಿ ಬಂದ ಹೆಂಗಸರು. ಯಾರು ವಲಸಿಗರು ಎಂದು ಗುರುತಿಸಲು ಗಣತಿಯವರು ಕೇಳುವುದು ಎರಡೇ ಮಾತು: ಹುಟ್ಟಿದ್ದು ಎಲ್ಲಿ, ಇಲ್ಲಿಗೆ ಬರುವ ಮುಂಚೆ ಇದ್ದದ್ದು ಎಲ್ಲಿ. ಈ ಪಾಠ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಭಾವನವರ ಮೀಸೆ ಬಂದು ನಿಲ್ಲುತ್ತಿತ್ತು.

ಅಷ್ಟರಲ್ಲಿ ದಾವಣಗೆರೆ ನಗರವೇ ಪಕ್ಕದ ಶಾಮನೂರಿಗೆ ನಡೆದುಬಂತು. ಮನೆತನದ ಭತ್ತದ ಗದ್ದೆ ಸೈಟುಗಳಾಯಿತು, ನಮ್ಮ ಪಾಲಿನಲ್ಲಿ ನಾವೂ ಮನೆ ಕಟ್ಟಿದೆವು. ಬಾತಿಯಿಂದ, ಮಲೆಬೆನ್ನೂರಿನಿಂದ, ಇನ್ನೆಲ್ಲೆಲ್ಲಿಂದಲೋ ಜನ ಬಂದು ಅಕ್ಕಪಕ್ಕದಲ್ಲಿ ಬಾಡಿಗೆಗೆ ನಿಂತರು. ನಗರದ ಗಡಿ ಸರಿದು ಬಂದಿದ್ದರಿಂದ ಭಾವನವರು ಜಗುಲಿ ಬಿಟ್ಟು ಏಳದೆಯೇ ನಗರವಾಸಿಯಾದರು. ಆದರೆ ನೀರಿನ ಬೋರು ಮಾತ್ರ ಹಳೇ ಕೇರಿಯಲ್ಲಿತ್ತು, ಅದನ್ನು ನೋಡಿಕೊಳ್ಳುವ ಸಮಿತಿಗೆ ಅವರೇ ಅಧ್ಯಕ್ಷರು. ಹಳೇ ಕೇರಿಗೆ ಬೆಳಕು ಹರಿಯುವ ಮುನ್ನವೇ ನೀರು. ನಮ್ಮ ಬಡಾವಣೆಗೆ ಮಧ್ಯಾಹ್ನ, ನಾವೆಲ್ಲ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದ ಮೇಲೆ. ಸಂಜೆ ಬಂದು ನಲ್ಲಿ ತಿರುಗಿಸಿದರೆ ಬರೀ ಗಾಳಿ. ಆ ಹೊತ್ತು ಬದಲಾಗಬೇಕಾದರೆ ಸಮಿತಿಯಲ್ಲಿ ನಮ್ಮವರೊಬ್ಬರು ಕೂರಬೇಕಿತ್ತು. ನಾನೇ ನಿಲ್ಲುತ್ತೇನೆ ಎಂದೆ.

ಭಾವನವರು ಹೊಸ ನಿಯಮವೊಂದನ್ನು ಹೊಸೆದರು: ಸಮಿತಿಯಲ್ಲಿ ಕೂರುವವರು ಈ ಊರಿನಲ್ಲೇ ಹುಟ್ಟಿದವರಾಗಿರಬೇಕು. ನನ್ನ ಒಬ್ಬಳ ಕಾಲು ಕತ್ತರಿಸಲೆಂದೇ ಮಾಡಿದ ಕತ್ತರಿ ಅದು. ಸುದ್ದಿ ಕಿವಿಗೆ ಬಿದ್ದಾಗ ನನ್ನ ಮೈ ಉರಿದುಹೋಯಿತು. ಆಮೇಲೆ ಕೂತು ಯೋಚಿಸಿದೆ, ನಗು ಬಂತು. ಅವರ ಮನೆಗೇ ಹೋಗಿ, "ಚಲೋ ನಿಯಮ ಐತಿ ಭಾವ, ಯಾರಿಗೂ ರಿಯಾಯಿತಿ ಬ್ಯಾಡ," ಎಂದೆ. ಅವರು ಉಬ್ಬಿಹೋದರು.

ಭಾನುವಾರ ಸಮುದಾಯ ಭವನದಲ್ಲಿ ಸಭೆ. ಮಂಡಕ್ಕಿ, ಮಿರ್ಚಿ ಹಂಚಿದರು. ಮುಂದಿನ ಸಾಲಿನಲ್ಲಿ ಸಮಿತಿಯ ಹಿರಿಯರು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ನಮ್ಮ ಅತ್ತೆ. ಭಾವನವರು ನಿಯಮ ಓದಿ, ನನ್ನನ್ನೇ ನೋಡುತ್ತ ಹೇಳಿದರು: "ವಲಸೆ ಬಂದೋರು ನೀರು ಕುಡೀಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಮ್ಯಾಲೆ ಹುಕುಂ ಮಾಡೋದು ಬ್ಯಾಡ." ಸಭೆ ನಕ್ಕಿತು. ನನ್ನ ಗಂಡ ನೆಲ ನೋಡಿದರು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ನಿಯಮ ಪಾಸಾಯಿತು.

ಆಗ ಎದ್ದು ನಿಂತೆ. "ಭಾವ, ನೀವು ಹುಟ್ಟಿದ್ದು ಎಲ್ಲಿ?"

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಎಲ್ಲ ಮನೆಯಲ್ಲೂ ನಡೆದುಬಂದದ್ದು, ಎಲ್ಲರಿಗೂ ಗೊತ್ತಿದ್ದದ್ದು. ಗೊತ್ತಿದ್ದೂ ಒಬ್ಬ ಗಂಡಸಿಗೂ ಹೊಳೆಯಲಿಲ್ಲ. ಹಿರಿಯ ಮಗನೆಂದು ಮೀಸೆ ತಿರುವುವವನು ಹುಟ್ಟಿದ್ದು ಸೋದರಮಾವನ ಮನೆಯಲ್ಲಿ.

ಉತ್ತರ ಬಂದದ್ದು ಬಾಗಿಲ ಕಡೆಯಿಂದ.

"ಮಲೆಬೆನ್ನೂರಾಗ," ಎಂದರು ಅತ್ತೆ. "ಕೂಸು ಕತ್ತು ನಿಲ್ಲಿಸಿದ ಮ್ಯಾಲೆ ಗಾಡಿ ಕಟ್ಟಿಸ್ಕಂಡು ಇಲ್ಲಿಗೆ ಕರ್ಕಂಡ್ ಬಂದೆ. ಹಡೆದಾಕಿ ನಾನು, ನನಗ ಗೊತ್ತಿಲ್ಲೇನು?"

ನಾನು ಬಿಡಲಿಲ್ಲ. ಮುಂದಿನ ಸಾಲಿನವರನ್ನೆಲ್ಲ ಕೇಳುತ್ತ ಹೋದೆ, ತರಗತಿಯಲ್ಲಿ ಹಾಜರಿ ಕರೆದ ಹಾಗೆ. ಎಲ್ಲರೂ ಹಿರಿಯ ಮಕ್ಕಳೇ. ಒಬ್ಬರು ಹೊನ್ನಾಳಿ, ಒಬ್ಬರು ಜಗಳೂರು, ಇನ್ನೊಬ್ಬರು ಹರಪನಹಳ್ಳಿ. ಖಜಾಂಚಿಯಂತೂ ನನ್ನ ಹರಿಹರದಲ್ಲೇ ಹುಟ್ಟಿದವರು. ಹಿಂದೆ ಕೂತ ಬಾಡಿಗೆದಾರರು ಈಗ ಬಿದ್ದು ಬಿದ್ದು ನಗುತ್ತಿದ್ದರು. ಆ ನಗು ನನಗೆ ಹಾಲು ಕುಡಿದಷ್ಟು ಹಿತವಾಗಿತ್ತು.

"ಅದು ಪದ್ಧತಿ. ಅದನ್ನೆಲ್ಲ ಲೆಕ್ಕಕ್ಕ ಹಿಡಿಯಂಗಿಲ್ಲ," ಎಂದರು ಭಾವ.

"ಹೆಣ್ಣುಮಕ್ಕಳು ಗಂಡನ ಮನೀಗೆ ಬರೋದೂ ಪದ್ಧತಿನೇ ಅಲ್ಲೇನ್ರಿ? ಅದನ್ನ ಯಾಕ ಹಿಡಿದ್ರಿ? ನಿಮ್ಮ ನಿಯಮ ನೋಡಿದ್ರ ಅಧ್ಯಕ್ಷರಾಗೋರು ನಿಮ್ಮ ತಮ್ಮ. ಎರಡನೇ ಮಗ, ಇದೇ ಊರಾಗ ಹುಟ್ಟಿದೋರು. ಕುರ್ಚಿ ಬಿಟ್ಟು ಕೊಡ್ತೀರೋ, ನಿಯಮ ಬಿಡ್ತೀರೋ?"

ನನ್ನ ಗಂಡ ಆಗ ತಲೆ ಎತ್ತಿದರು. ಭಾವನವರು ತಮ್ಮ ಬಾಯಿಂದಲೇ, ಎಲ್ಲರೆದುರು, ನಿಯಮ ಕೈಬಿಡಲಾಗಿದೆ ಎನ್ನಬೇಕಾಯಿತು. ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದೆ. ಕೇಳಿಸಿತ್ತು.

ನನಗೆ ಸಮಿತಿಯಲ್ಲಿ ಜಾಗ ಸಿಕ್ಕಿತು. ಬಡಾವಣೆಗೆ ಈಗ ಮುಂಜಾನೆಯೇ ನೀರು ಬರುತ್ತದೆ. ಹಬ್ಬಕ್ಕೆ ಭಾವನವರು ಬಂದರೆ ನಾನು ಬಾಗಿಲಲ್ಲೇ, "ಬರ್ರಿ ಬರ್ರಿ, ಮಲೆಬೆನ್ನೂರಿನೋರು ಬಂದ್ರು," ಅನ್ನುತ್ತೇನೆ. ನಿಲ್ಲಿಸುವ ಯೋಚನೆಯಿಲ್ಲ.

ಅವತ್ತು ಸಭೆ ಮುಗಿದ ಮೇಲೆ ಅತ್ತೆಯ ಕೈ ಹಿಡಿದು ಎಬ್ಬಿಸುತ್ತ, "ನನ್ನ ಪರ ಮಾತಾಡಿದ್ರಲ್ಲ ಅತ್ತೆ," ಎಂದೆ. ಅವರು ಕೈ ಕೊಸರಿಕೊಂಡರು.

"ನಿನ್ನ ಪರ ಯಾರು ಮಾತಾಡಿದ್ರು, ಹರಿಹರದಾಕಿ? ನಿನ್ನ ಮಾವ ಸಾಯೋ ಮಟ ನನಗ ಮಲೆಬೆನ್ನೂರಾಕಿ ಅಂತಾನೇ ಕರೆದ. ಹೆಸರು ಹಿಡಿದು ಒಂದು ಸಲಾನೂ ಕೂಗಲಿಲ್ಲ. ನಿನ್ನ ಭಾವನೂ ಅವನಂಗೇ ಬೆಳೆದ. ಕೇಳೋರು ಒಬ್ಬರು ಬರಲಿ ಅಂತ ಕೂತಿದ್ದೆ."

ಊಟಕ್ಕೆ ನಮ್ಮ ಮನೆಗೇ ಬಂದರು. ಅವತ್ತು ಅತ್ತೆಯೂ ಒಂದು ರೊಟ್ಟಿ ಹೆಚ್ಚೇ ಉಂಡರು.