ಜಾಲರಿ ತೊಳೆಯದ ನಾಲ್ಕು ತಿಂಗಳು

ಗುಂಡಿಯಕ್ಕ ಗುಂಡಗೇನೂ ಇರಲಿಲ್ಲ. ಒಣಕಡ್ಡಿಯಂಥ ಮೈ. ಶರ್ಟುಗಳಿಗೆ ಗುಂಡಿ ಹಾಕುವುದು ಅವಳ ಕೆಲಸವಾದ್ದರಿಂದ ಕಟ್ಟಡದವರೆಲ್ಲ ಹಾಗೆ ಕರೆಯುತ್ತಿದ್ದರು. ಮದುವೆಗೆ ಮುಂಚೆ ಶರ್ಟಿನ ಕಾರ್ಖಾನೆಯಲ್ಲಿ ಹಾಕುತ್ತಿದ್ದಳು. ಮದುವೆಯಾದ ಮೇಲೆ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ. ವಾರಕ್ಕೆರಡು ಸಲ ದರ್ಜಿ ಅಂಗಡಿಯಿಂದ ಗಂಟು ಬರುತ್ತಿತ್ತು. ಮಧ್ಯಾಹ್ನದ ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಸ್ಟೂಲಿನ ಮೇಲೆ ಕೂತಳೆಂದರೆ ಮಗಳು ಶಾಲೆಯಿಂದ ಬರುವವರೆಗೆ ಸೂಜಿ ನಿಲ್ಲುತ್ತಿರಲಿಲ್ಲ.

"ನಮ್ಮ ಮನೆಯವರ ಮರ್ಯಾದೆ ನಿನ್ನ ಕೈಲಿದೆ ಕಣೇ, ಗಟ್ಟಿಯಾಗಿ ಹಾಕು," ಎಂದು ಪಕ್ಕದ ಮನೆಯ ನರ್ಸಮ್ಮ ನಗಿಸುತ್ತಿದ್ದಳು.

"ಹೊಟ್ಟೆ ಬಿಟ್ಟವರ ಮರ್ಯಾದೆಗೆ ನಾನು ಜವಾಬ್ದಾರಿ ಅಲ್ಲಪ್ಪ," ಎನ್ನುತ್ತಿದ್ದಳು ಗುಂಡಿಯಕ್ಕ.

ಗುಂಡಿಯಕ್ಕನ ಮನೆಗೆ ಎ.ಸಿ. ಬಂದು ಆರು ವರ್ಷವಾಗಿತ್ತು. ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ತಂಪಿನಲ್ಲಿ ನಿಂತು ಬರುವವನಿಗೆ ಮನೆ ಕಾದ ಬಾಣಲೆಯಂತೆ ಕಾಣುತ್ತಿತ್ತು. ಅವನ ಅಮ್ಮನಿಗೂ ಸೆಕೆ ತಡೆಯುತ್ತಿರಲಿಲ್ಲ. ಹೀಗಾಗಿ ಅತ್ತೆಯ ಕೋಣೆಯ ಗೋಡೆಗೆ ಬಿಳಿಯ ಪೆಟ್ಟಿಗೆ ಏರಿತು. ಹೊರಗೆ ಕೂರಬೇಕಾದ ದೊಡ್ಡ ಪೆಟ್ಟಿಗೆಯನ್ನು ಎಲ್ಲಿಡುವುದೆಂದು ಕೂರಿಸಲು ಬಂದವರು ಕೇಳಿದರು.

"ಮುಂದಿನ ಬಾಲ್ಕನಿ ಬೇಡ, ರಸ್ತೆಯಿಂದ ನೋಡೋಕೆ ಚೆನ್ನಾಗಿರಲ್ಲ," ಎಂದ ಗಂಡ. "ಹಿಂದೆ ಜಾಗ ಖಾಲಿ ಇದೆಯಲ್ಲ, ಅಲ್ಲಿಡಿ."

ಆ ಖಾಲಿ ಜಾಗದಲ್ಲಿ ಗುಂಡಿಯಕ್ಕನ ಸ್ಟೂಲಿತ್ತು.

ಅಂದಿನಿಂದ ಕೋಣೆ ತಣ್ಣಗಾದಷ್ಟೂ ಬಾಲ್ಕನಿ ಕಾಯಿತು. ಆ ಪೆಟ್ಟಿಗೆ ಒಳಗಿನ ಬಿಸಿಯನ್ನೆಲ್ಲ ಎಳೆದು ತಂದು ಅವಳ ಮುಖಕ್ಕೂ ಅಡುಗೆಮನೆಯ ಕಿಟಕಿಗೂ ಊದುತ್ತಿತ್ತು. ಬಿಳಿ ಶರ್ಟಿನ ಮೇಲೆ ಬೆವರಿನ ಕಲೆ ಬಿದ್ದರೆ ಅಂಗಡಿಯವರು ವಾಪಸು ಕಳಿಸುತ್ತಿದ್ದರು. ಅದಕ್ಕೆ ಅವಳು ಬೆರಳಿಗೆ ಅತ್ತೆಯ ಪೌಡರು ಹಚ್ಚಿಕೊಂಡು ಹೊಲಿಯುತ್ತಿದ್ದಳು. ಸಂಜೆ ಗಂಡ, ಮಗಳು, ಅತ್ತೆ ಮೂವರೂ ತಂಪಿನ ಕೋಣೆ ಸೇರಿದರೆ, ಇವಳು ಚಹಾ ಹಿಡಿದು ಬೆವರಿದ ಬೆನ್ನಲ್ಲೇ ಒಳಹೊಕ್ಕು, ನಡುಗಿ, ಮತ್ತೆ ಬಿಸಿಗೆ ಬರುತ್ತಿದ್ದಳು. ಬೆನ್ನ ಹಿಂದಿನಿಂದ ಅತ್ತೆಯ ದನಿ: "ಬಾಗಿಲು ಮುಚ್ಚು, ತಂಪು ಓಡಿಹೋಗುತ್ತೆ!" ಬಾಗಿಲನ್ನು ಯಾವ ಕಡೆ ನಿಂತು ಮುಚ್ಚಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅತ್ತೆಗೆ ಕೂಗಿ ಕರೆಯುವ ಅಭ್ಯಾಸವಿರಲಿಲ್ಲ, ಕೆಮ್ಮುತ್ತಿದ್ದಳು. ಎರಡು ಗಿಡ್ಡ, ಒಂದು ಉದ್ದ. ಹಾಗೆಂದರೆ ನೀರು ತಾ ಎಂದು. ಗುಂಡಿಯಕ್ಕ ಬಾಲ್ಕನಿಯಿಂದಲೇ "ಬಂದೆ ಅತ್ತೆ" ಎಂದು, ಸೂಜಿಯನ್ನು ಸೆರಗಿಗೆ ಚುಚ್ಚಿ, ಲೋಟ ಹಿಡಿದು ಓಡುತ್ತಿದ್ದಳು. ದಿನಕ್ಕೆ ಹತ್ತು ಸಲ ಕೆಮ್ಮು, ಹತ್ತು ಸಲ "ಬಂದೆ ಅತ್ತೆ".

ಎ.ಸಿ.ಯ ಒಳಗೆ ಜಾಲರಿಯಿದೆ, ಅದನ್ನು ತೊಳೆಯಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಬೇಸಿಗೆಯಲ್ಲೇ ತಂಪು ಕಡಿಮೆಯಾದಾಗ ಮಂಚ ಹತ್ತಿ ಮುಚ್ಚಳ ಎತ್ತಿ ನೋಡಿದ್ದಳು. ಕಂಬಳಿಯಷ್ಟು ದಪ್ಪನೆ ಧೂಳು ಕೂತಿತ್ತು. ಆಮೇಲೆ ಪ್ರತಿ ತಿಂಗಳೂ ಎರಡೂ ಜಾಲರಿ ಬಿಚ್ಚಿ, ಬಚ್ಚಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೆರಳಲ್ಲಿ ಒಣಗಿಸಿ ಹಾಕುತ್ತಿದ್ದಳು. ಗಂಡ ನೆಂಟರ ಮುಂದೆ, "ಎಂಥ ಮೆಷೀನ್ ತಂದಿದ್ದೀನಿ ನೋಡಿ, ಇಷ್ಟು ವರ್ಷಕ್ಕೆ ಒಂದು ದಿನ ಕೈ ಕೊಟ್ಟಿಲ್ಲ," ಎಂದು ಎದೆಯುಬ್ಬಿಸುತ್ತಿದ್ದ.

ಆರನೆಯ ಬೇಸಿಗೆ ಬೆಂಕಿಯಂತೆ ಬಂತು. ಒಂದು ಮಧ್ಯಾಹ್ನ ಕಣ್ಣು ಕತ್ತಲೆಗಟ್ಟಿ ಗುಂಡಿಯಕ್ಕನ ಬೆರಳಿಗೆ ಸೂಜಿ ಹೊಕ್ಕಿತು. ಅವಳು ಒಳಗೆ ಹೋಗಿ ಬಾಗಿಲ ಬಳಿ ನಿಂತಳು.

"ಅತ್ತೆ, ಮಧ್ಯಾಹ್ನ ಒಂದು ಗಂಟೆ ಹೊತ್ತು ನಿಲ್ಲಿಸ್ತೀರಾ? ಹಿಂದೆ ಕೂರೋಕಾಗ್ತಿಲ್ಲ."

ಅತ್ತೆ ದಿಂಬಿನಡಿಯ ರಿಮೋಟನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. "ಅಡುಗೆಮನೆ ಕಡೆ ಬಿಸಿ ಇಲ್ಲದೆ ಮಂಜು ಬೀಳುತ್ತಾ? ನಲವತ್ತು ವರ್ಷ ನಾನೂ ಅಲ್ಲೇ ಬೆಂದೋಳು. ಆಗ ನನಗೆ ಯಾರೇ ಗಾಳಿ ಬೀಸಿದ್ದು? ಈಗ ನನ್ನ ಸರದಿ ಬಂದಿದೆ, ತಂಪಾಗಿರ್ತೀನಿ. ನಿನ್ನ ಸರದಿ ಬಂದಾಗ ನೀನೂ ಇರು."

ಆ ಮಾತು ಸುಳ್ಳಲ್ಲ ಎನ್ನುವುದೇ ಗುಂಡಿಯಕ್ಕನಿಗೆ ಹೆಚ್ಚು ಉರಿಯಿತು. ಆ ತಿಂಗಳು ಅವಳು ಜಾಲರಿ ತೊಳೆಯಲಿಲ್ಲ. ನೀರು ಒಯ್ದು ಕೊಟ್ಟಳು, ಆದರೆ "ಬಂದೆ ಅತ್ತೆ" ಎನ್ನಲಿಲ್ಲ.

ಕಾರ್ಖಾನೆಯಲ್ಲಿದ್ದಾಗ ಒಮ್ಮೆ ಹೆಂಗಸರೆಲ್ಲ ಸೇರಿ ಅರ್ಧ ಗಂಟೆ ಸೂಜಿ ಕೆಳಗಿಟ್ಟಿದ್ದರು. ಮೇಲ್ವಿಚಾರಕ ಎದ್ದುಬಿದ್ದು ಓಡಿ ಬಂದಿದ್ದ. ಇಲ್ಲಿ ಒಂದು ತಿಂಗಳಾಯಿತು, ಎರಡಾಯಿತು, ನಾಲ್ಕಾಯಿತು. ಯಾರೂ ಓಡಿ ಬರಲಿಲ್ಲ. ಮಾಡುತ್ತಿದ್ದುದೇ ಗೊತ್ತಿಲ್ಲದವರಿಗೆ ನಿಲ್ಲಿಸಿದ್ದು ಹೇಗೆ ಗೊತ್ತಾಗಬೇಕು? ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ನಾಲ್ಕನೆಯ ತಿಂಗಳ ಕೊನೆಗೆ ಅತ್ತೆಗೆ ನೆಗಡಿಯಾಯಿತು, ಕಫ ಕಟ್ಟಿತು, ಜ್ವರ ಏರಿತು. ಕೆಮ್ಮಿನಲ್ಲಿ ಗಿಡ್ಡ ಯಾವುದು ಉದ್ದ ಯಾವುದು ತಿಳಿಯದಂತಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಚಿತ್ರ ನೋಡುತ್ತ ಕೇಳಿದರು, "ಮಲಗೋ ಕೋಣೇಲಿ ಎ.ಸಿ. ಇದೆಯಾ? ಕ್ಲೀನ್ ಮಾಡ್ತೀರಾ?"

"ರೆಗ್ಯುಲರಾಗಿ ಡಾಕ್ಟ್ರೇ," ಎಂದ ಗಂಡ, ಒಂದು ಕ್ಷಣವೂ ತಡೆಯದೆ.

ಗುಂಡಿಯಕ್ಕ ಪಕ್ಕದಲ್ಲೇ ಫ್ಲಾಸ್ಕ್ ಹಿಡಿದು ನಿಂತಿದ್ದಳು. ಬಾಯಿ ತೆರೆಯಲಿಲ್ಲ. ಒಂಬತ್ತನೆಯ ದಿನ ಅತ್ತೆ ಹೋದಳು. ಎದೆಯ ಸೋಂಕು, ವಯಸ್ಸೂ ಆಗಿತ್ತು ಎಂದರು. ಎಲ್ಲರೂ ತಲೆಯಾಡಿಸಿದರು. ಗುಂಡಿಯಕ್ಕನಿಗೆ ಮಾತ್ರ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೂರು ತಿಂಗಳು ಅವಳು ಆ ಕೋಣೆಯ ಬಾಗಿಲು ತೆರೆಯಲಿಲ್ಲ.

ತೆರೆದವಳು ಮಗಳು. ಅದು ಅವಳ ದೊಡ್ಡ ಪರೀಕ್ಷೆಯ ವರ್ಷ. "ಅಜ್ಜಿ ಕೋಣೇಲಿ ಓದ್ಕೋತೀನಮ್ಮ," ಎಂದು ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋದಳು. ದಿಂಬಿನಡಿ ರಿಮೋಟು ಹಾಗೇ ಇತ್ತು, ಗುಂಡಿಗಳ ಸಂದಿಯಲ್ಲಿ ಬಿಳಿ ಪೌಡರು ಕೂತಿತ್ತು. ಒತ್ತಿದಳು. ಮೆಷೀನು ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ ಎದ್ದಿತು.

"ಹದಿನೆಂಟಕ್ಕಿದೆ ನೋಡಮ್ಮ. ಅಜ್ಜಿ ನಂಬರ್! ಇನ್ನೂ ನೆನಪಿಟ್ಕೊಂಡಿದೆ."

ಗುಂಡಿಯಕ್ಕನ ತೋಳಿನ ರೋಮಗಳೆಲ್ಲ ಎದ್ದು ನಿಂತವು. ಅದು ತಂಪಿಗೆ ಎಂದುಕೊಂಡಳು.

ಪರೀಕ್ಷೆಗೆ ಓದಿಕೊಳ್ಳಲೆಂದು ಶಾಲೆಗೆ ರಜೆ ಕೊಟ್ಟಿದ್ದರು. ಒಂದು ವಾರ ಕಳೆದಿರಬೇಕು. ಮಧ್ಯಾಹ್ನ ಮೂರರ ಹೊತ್ತು. ಹಿಂದಿನ ಪೆಟ್ಟಿಗೆ ಬಿಸಿ ಊದುತ್ತಿತ್ತು. ಗುಂಡಿಯಕ್ಕ ನೀಲಿ ಶರ್ಟೊಂದರ ಐದನೆಯ ಗುಂಡಿಯಲ್ಲಿದ್ದಳು. ಕೋಣೆಯಿಂದ ಕೆಮ್ಮು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ.

"ಬಂದೆ ಅತ್ತೆ."

ಮಾತು ಬಾಯಿಂದ ಹಾರಿಹೋಗಿತ್ತು. ಸೂಜಿ ಸೆರಗಿಗೆ ಚುಚ್ಚಿಯಾಗಿತ್ತು. ಕೈ ತಾನಾಗಿಯೇ ಅತ್ತೆಯ ಲೋಟ ಹುಡುಕಿ ನೀರು ತುಂಬಿತು, ಕಾಲು ನಡೆಯಿತು, ಬಾಗಿಲು ತೆರೆಯಿತು. ಮಂಚದ ಮೇಲೆ ಚಾದರ ಹೊದ್ದು ಬೆನ್ನು ಮಾಡಿ ಕೂತಿದ್ದ ಆಕೃತಿ ತಿರುಗಿತು.

"ನಾನು ನೀರು ಕೇಳಲಿಲ್ವಲ್ಲಮ್ಮ?" ಎಂದಳು ಮಗಳು. ಅವಳ ತುಟಿ ಒಣಗಿ ಬಿರಿದಿತ್ತು. ಮತ್ತೆ ಕೆಮ್ಮಿದಳು. ಅದೇ ಲೆಕ್ಕ, ಅದೇ ಎಳೆತ.

"ಅಜ್ಜಿ ಥರ ಯಾಕೆ ಕೆಮ್ತೀಯೇ?"

"ಕೆಮ್ಮೋದರಲ್ಲೂ ಅವರವರ ಥರ ಇರುತ್ತಾ? ಎದೆ ಬಿಗಿ ಹಿಡಿದ ಹಾಗಾಗುತ್ತಮ್ಮ, ಅಷ್ಟೇ."

ಆ ಸಂಜೆ ಮಗಳನ್ನು ಪಕ್ಕದ ನರ್ಸಮ್ಮನ ಬಳಿ ಕಳಿಸಿ, ಗುಂಡಿಯಕ್ಕ ಮಂಚ ಹತ್ತಿ ಮುಚ್ಚಳ ಎತ್ತಿದಳು. ಜಾಲರಿ ಕಾಣಿಸಲೇ ಇಲ್ಲ, ಬೂದು ಬಣ್ಣದ ಬಟ್ಟೆಯನ್ನೇ ನೇಯ್ದು ಹಾಕಿದಂತಿತ್ತು. ಬಿಚ್ಚಿ ಮೂಗಿನ ಬಳಿ ತಂದರೆ ಅತ್ತೆಯ ಪೌಡರಿನ ವಾಸನೆ ಬಂತು. ಧೂಳಿನಲ್ಲಿ ಬೆಳ್ಳನೆಯ ಕೂದಲೊಂದು ಅಡ್ಡಡ್ಡ ಹೆಣೆದುಕೊಂಡಿತ್ತು. ದಾರ ಎಳೆಯುವ ಕೈ ಅವಳದು, ತುಂಡಾಗದಂತೆ ಎಳೆದಳು. ಒಂದು ಮೊಳ ಬಂತು. ಎಸೆಯಲು ಧೈರ್ಯವಾಗಲಿಲ್ಲ. ದಾರ ಮುಗಿದ ರಟ್ಟಿಗೆ ಸುತ್ತಿ ಗುಂಡಿಡಬ್ಬಿಯ ತಳಕ್ಕೆ ಹಾಕಿದಳು. ಜಾಲರಿಯನ್ನು ನೀರು ತಿಳಿಯಾಗುವವರೆಗೂ ಉಜ್ಜಿದಳು.

ನಾಲ್ಕು ದಿನ ಕಳೆದರೂ ಮಗಳ ಕೆಮ್ಮು ನಿಲ್ಲಲಿಲ್ಲ. ಕಿವಿಯಿಟ್ಟು ಕೇಳಿದರೆ ಅವಳ ಎದೆಯಲ್ಲಿ ಸಣ್ಣ ಸಿಳ್ಳೆ. ನರ್ಸಮ್ಮ ಹೇಳಿದ್ದಳು, "ಹುಡುಗೀನ ಡಾಕ್ಟ್ರಿಗೆ ತೋರಿಸು. ಆದರೆ ಮೊದಲು ಆ ಮೆಷೀನ್ ಬಿಚ್ಚಿಸಿ ನೋಡಿಸು." ಗಂಡನನ್ನು ಕೇಳದೆಯೇ ಗುಂಡಿಯಕ್ಕ ಮೆಕ್ಯಾನಿಕ್ಕನಿಗೆ ಫೋನು ಮಾಡಿದಳು. ಗಂಡನ ಅಂಗಡಿಗೆ ವಾರದ ರಜೆಯಿದ್ದ ದಿನ ಮೆಕ್ಯಾನಿಕ್ ಬಂದ. ನರೆತ ಮೀಸೆಯ ಮನುಷ್ಯ. ಬಂದವನೇ ಗಂಡನನ್ನು ಕೇಳಿದ, "ಸಾರ್, ಫಿಲ್ಟರ್ ಯಾವಾಗ ತೊಳೆದಿದ್ದು?"

"ಯಾವ ಫಿಲ್ಟರು?" ಎಂದ ಗಂಡ.

ಮೆಕ್ಯಾನಿಕ್ ನಗು ತಡೆದುಕೊಂಡು ಗುಂಡಿಯಕ್ಕನ ಕಡೆ ತಿರುಗಿದ. ಪೆಟ್ಟಿಗೆಯ ಹೊರಕವಚ ಬಿಚ್ಚಿ ಟಾರ್ಚು ಹಾಕಿದ. ಜಾಲರಿಯ ಹಿಂದೆ, ಗಾಳಿ ತಿರುಗಿಸುವ ಉರುಳೆಯ ಮೇಲೆ, ಕಪ್ಪಗೆ, ಪಾಚಿಯಂತೆ, ಒದ್ದೆಯಾಗಿ ಏನೋ ಬೆಳೆದಿತ್ತು. ಉಸಿರಾಡುವ ವಸ್ತುವಿನಂತೆ ಮಿನುಗಿತು.

"ಬೂಷ್ಟು. ನೀರು ಹೋಗೋ ಪೈಪನ್ನ ಅಡುಗೆಮನೆ ಕಿಟಕಿ ಮೇಲಿಂದ ಎತ್ತಿ ಒಯ್ದಿದ್ದಾರೆ ನೋಡಿ, ಹಿಂದೆ ಪೆಟ್ಟಿಗೆ ಇಡೋಕೆ ಅಂತ. ನೀರು ಗುಡ್ಡ ಹತ್ತುತ್ತಾ? ಕೂರಿಸಿದ ದಿನದಿಂದ ಒಂದಿಷ್ಟು ಒಳಗೇ ನಿಲ್ತಿದೆ."

ಗುಂಡಿಯಕ್ಕನ ದನಿ ಅವಳಿಗೇ ಕೇಳದಷ್ಟು ಸಣ್ಣಗಿತ್ತು. "ಹಾಗಾದರೆ ನಾಲ್ಕು ತಿಂಗಳಲ್ಲಿ ಆಗಿದ್ದಲ್ಲವಾ ಅಣ್ಣ?"

"ಯಾವ ನಾಲ್ಕು ತಿಂಗಳಮ್ಮ? ಇದು ವರ್ಷಗಳ ಬೆಳೆ. ಜಾಲರಿ ಮುಚ್ಚಿಹೋಗಿದ್ದರೆ ಇನ್ನೂ ಜೋರಾಗಿ ಬೆಳೆದಿರುತ್ತೆ, ಅದೂ ನಿಜ."

"ಇದರ ಕೆಳಗೆ ಮಲಗಿದೋರು ಸತ್ತುಹೋಗಬಹುದಾ?"

ಮೆಕ್ಯಾನಿಕ್ ಏಣಿಯ ಮೇಲಿಂದ ಅವಳನ್ನು ನೋಡಿದ. "ಅದನ್ನ ಡಾಕ್ಟ್ರು ಹೇಳ್ಬೇಕಮ್ಮ. ನಾನು ಮೆಷೀನಿನ ಕಾಯಿಲೆ ಮಾತ್ರ ಹೇಳ್ತೀನಿ."

ಅಲ್ಲಿಗೆ ಅವಳಿಗೆ ಬೇಕಿದ್ದ ಉತ್ತರ ಯಾರ ಬಳಿಯೂ ಇಲ್ಲವೆಂದಾಯಿತು. ಇಷ್ಟು ದಿನ ಹಿಡಿದಿಟ್ಟದ್ದು ಹೊರಗೆ ಬಂತು.

"ಅತ್ತೆ ಹೋಗೋ ಮುಂಚೆ ನಾಲ್ಕು ತಿಂಗಳು ನಾನು ಜಾಲರಿ ತೊಳೆದಿರಲಿಲ್ಲ," ಎಂದಳು ಗಂಡನಿಗೆ. "ಸಿಟ್ಟಿಗೆ. ಡಾಕ್ಟ್ರು ಕೇಳಿದಾಗ ನೀವು ರೆಗ್ಯುಲರ್ ಅಂದ್ರಿ. ನಾನು ಸುಮ್ಮನಿದ್ದೆ."

ಗಂಡನ ಮುಖ ಕೆಂಪೇರಿತು. "ನನ್ನ ಅಮ್ಮನ್ನ ನೀನು... ಅಷ್ಟು ಸಿಟ್ಟಿದ್ದರೆ ಬಾಯಿ ಬಿಟ್ಟು ಹೇಳ್ಬಾರದಿತ್ತಾ?"

"ಹೇಳಿದ್ದೆ, ಅವರಿಗೆ. ನಿಮಗೆ ಏನು ಹೇಳಲಿ? ಒಳಗೆ ಜಾಲರಿ ಇದೆ ಅಂತ ಈಗ ತಾನೇ ನಿಮಗೆ ಗೊತ್ತಾಯ್ತು. ನಾನು ತೊಳೀದೆ ಇದ್ದದ್ದು ನಾಲ್ಕು ತಿಂಗಳು. ನೀವು ಆರು ವರ್ಷ."

ಮಗಳು ಬಾಗಿಲಲ್ಲಿ ನಿಂತು ಕೆಮ್ಮಿದಳು. ಗಂಡ ಅತ್ತ ನೋಡಿದ. ಗುಂಡಿಯಕ್ಕ ಎರಡೂ ಜಾಲರಿಗಳನ್ನು ಅವನ ಕೈಗಿಟ್ಟಳು. ಬಚ್ಚಲಿನಿಂದ ಬಹಳ ಹೊತ್ತು ನೀರಿನ ಸದ್ದು ಬಂತು. ಆಮೇಲೆ ಒದ್ದೆ ಅಂಗಿಯಲ್ಲಿ ಹೊರಬಂದು, "ಇದು ಯಾವ ಕಡೆ ಮೇಲೆ?" ಎಂದ.

"ನೋಡಿ ಕಲಿತ್ಕೊಳ್ಳಿ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ."

ಹೊರಗಿನ ಪೆಟ್ಟಿಗೆಯನ್ನು ಮುಂದಿನ ಬಾಲ್ಕನಿಗೆ ಸಾಗಿಸುವಂತೆ ಮೆಕ್ಯಾನಿಕ್ಕನಿಗೆ ಹೇಳಿದವಳೂ ಅವಳೇ. "ರಸ್ತೆಯವರು ನೋಡ್ತಾರೆ," ಎಂದು ಗಂಡ ಗೊಣಗಿದ. "ನೋಡಲಿ," ಎಂದಳು.

ಮಗಳಿಗೆ ಡಾಕ್ಟರು ಉಸಿರಿನ ಜೊತೆ ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟರು. ಬೆಳಿಗ್ಗೆ ಸಂಜೆ ಕಿಟಕಿ ತೆರೆದಿಡಿ, ಅಷ್ಟು ಚಳಿ ಬೇಡ ಎಂದರು. ರಿಮೋಟಿನ ಹದಿನೆಂಟು ಇಪ್ಪತ್ತಾರಾಯಿತು. ಎರಡು ವಾರದಲ್ಲಿ ಸಿಳ್ಳೆ ಅಡಗಿತು, ಕೆಮ್ಮು ನಿಂತಿತು, ಹುಡುಗಿ ಪರೀಕ್ಷೆ ಬರೆಯಲು ಹೋದಳು.

ಅವತ್ತು ಮಧ್ಯಾಹ್ನ ಗುಂಡಿಯಕ್ಕ ಹಿಂದಿನ ಬಾಲ್ಕನಿಯಲ್ಲಿ ಒಬ್ಬಳೇ ಕೂತಿದ್ದಳು. ಗೋಡೆಯಲ್ಲಿ ಪೆಟ್ಟಿಗೆ ಕಿತ್ತ ನಾಲ್ಕು ತೂತುಗಳು. ಮುಖಕ್ಕೆ ಬಿಸಿ ಇಲ್ಲ, ಸದ್ದಿಲ್ಲ. ಬೆರಳಿಗೆ ಪೌಡರೂ ಬೇಕಿರಲಿಲ್ಲ. ಕೋಣೆಯ ಎ.ಸಿ.ಯನ್ನು ಅವಳೇ ಆರಿಸಿ ಬಂದಿದ್ದಳು.

ಮೂರು ಗಂಟೆಗೆ ಆ ಕೋಣೆಯಿಂದ ಕೆಮ್ಮು ಬಂತು. ಎರಡು ಗಿಡ್ಡ, ಒಂದು ಉದ್ದ.

ಅವಳ ಕೈಯ ಶರ್ಟು ಜಾರಿ ನೆಲಕ್ಕೆ ಬಿತ್ತು. ತುಸು ಹೊತ್ತು ಬಿಟ್ಟು ಮತ್ತೆ ಬಂತು, ಉತ್ತರಕ್ಕೆ ಕಾದು ಸಾಕಾದವರಂತೆ, ಉದ್ದದ್ದು ಇನ್ನಷ್ಟು ಉದ್ದವಾಗಿ.

"ಬಂದೆ ಅತ್ತೆ," ಎಂದಳು ಗುಂಡಿಯಕ್ಕ.

ಸೂಜಿಯನ್ನು ಸೆರಗಿಗೆ ಚುಚ್ಚಿ ಲೋಟಕ್ಕೆ ನೀರು ತುಂಬಿದಳು. ಇನ್ನೊಂದು ಕೈಯಲ್ಲಿ ಗುಂಡಿಡಬ್ಬಿ ಹಿಡಿದು, ಬಿದ್ದ ಶರ್ಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕೋಣೆಗೆ ಹೋದಳು. ಮಂಚ ಖಾಲಿಯಿತ್ತು. ಲೋಟವನ್ನು ದಿಂಬಿನ ಪಕ್ಕಕ್ಕಿಟ್ಟಳು. ಆರು ವರ್ಷದಲ್ಲಿ ಒಮ್ಮೆಯೂ ಕೂರದಿದ್ದ ಆ ಮಂಚದ ಅಂಚಿಗೆ ಕೂತು, ಸೆರಗಿನಿಂದ ಸೂಜಿ ತೆಗೆದು, ಬಿಟ್ಟ ಗುಂಡಿಯಿಂದ ಹೊಲಿಗೆ ಮುಂದುವರಿಸಿದಳು. ಬಾಗಿಲನ್ನು ಮುಚ್ಚಲಿಲ್ಲ. ಮುಚ್ಚು ಎಂದು ಅತ್ತೆ ಹೇಳುತ್ತಾಳೇನೋ ಎಂದು ಕಿವಿಗೊಟ್ಟು ಕಾಯುತ್ತ, ಕತ್ತೆತ್ತದೆ ಹೊಲಿಯುತ್ತಲೇ ಇದ್ದಳು.