ಮೌಲ್ಮೇನಿನಲ್ಲಿ ತೋಡಿದ ಹಗೇವು

ಕೌತಾಳದ ಹೂವಮ್ಮನಿಗೆ ಒಂದು ಅಭ್ಯಾಸವಿತ್ತು. ಹಗೇವಿನ ಬಾಯಿ ತೆರೆದ ಕೂಡಲೇ ಎಲ್ಲರನ್ನೂ ಆಚೆ ಸರಿಸಿ, ತಾನೊಬ್ಬಳೇ ಮಂಡಿಯೂರಿ ಬಗ್ಗಿ, ಒಳಗಿನ ಕತ್ತಲಿಗೆ ಏನೋ ಹೇಳುತ್ತಿದ್ದಳು. ಏನು ಹೇಳುತ್ತಾಳೆಂದು ಯಾರಿಗೂ ಕೇಳಿಸುತ್ತಿರಲಿಲ್ಲ. ಮಂತ್ರವಿರಬೇಕು ಎಂದು ಕೆಲವರು, ತಲೆ ನೆಟ್ಟಗಿಲ್ಲ ಎಂದು ಕೆಲವರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅವಳೂ ಹಾಕಲು ಹೋಗಲಿಲ್ಲ.

ಹಗೇವು ಎಂದರೆ ತಿಳಿಯದವರಿಗೆ ಹೇಳಿಬಿಡುತ್ತೇನೆ. ನೆಲದಲ್ಲಿ ಆಳೆತ್ತರಕ್ಕೂ ಮಿಕ್ಕಿ ಗುಂಡಿ ತೋಡಿ, ಒಳಗೆ ಬೆಂಕಿ ಹಾಕಿ ಗೋಡೆಯನ್ನು ಸುಟ್ಟು ಗಟ್ಟಿ ಮಾಡಿ, ಸುತ್ತ ಜೋಳದ ಸೊಪ್ಪೆ ಹೊದಿಸಿ, ಕಾಳು ತುಂಬಿ, ಮೇಲೆ ಮಣ್ಣು ಮುಚ್ಚುವುದು. ಹೀಗೆ ಮುಚ್ಚಿದ ಜೋಳವನ್ನು ವರ್ಷಗಟ್ಟಲೆ ಬಿಟ್ಟು ತೆಗೆದರೂ ರೊಟ್ಟಿ ಚೆನ್ನಾಗಿಯೇ ಏಳುತ್ತದೆ. ಆ ಸೀಮೆಯ ನೆಲ ಅಂಥ ಒಣ ನೆಲ. ಹೂವಮ್ಮನ ಅಪ್ಪ ಹಗೇವು ತೋಡಿಸುವುದರಲ್ಲಿ ಹೆಸರಾದವನು. ಅವನ ಬೆನ್ನಿಗೇ ಓಡಾಡಿಕೊಂಡು ಬೆಳೆದ ಹುಡುಗಿಗೆ ಈ ಕೆಲಸ ತಾನಾಗಿ ಬಂದಿತ್ತು. ಬಾರದೇ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಈಗ ನನಗನ್ನಿಸುತ್ತದೆ.

ಅವಳ ಗಂಡ ಸೋಮಶೇಖರಪ್ಪ ಆದೋನಿಯಲ್ಲಿ ಏಕಾಂತಪ್ಪನೆಂಬ ಸಾಹುಕಾರರ ಶೇಂಗಾ ಎಣ್ಣೆಯ ಗಾಣದಲ್ಲಿ ಕೆಲಸಕ್ಕಿದ್ದ. ಆಗ ಆದೋನಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬರ್ಮಾದವರು ಶೇಂಗಾ ಎಣ್ಣೆ ಇಲ್ಲದೆ ಒಗ್ಗರಣೆ ಹಾಕುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಸಾಹುಕಾರರು ಅಲ್ಲಿನ ಮೌಲ್ಮೇನ್ ಎಂಬ ಊರಿನಲ್ಲಿ ಒಂದು ಅಂಗಡಿ ಹೂಡಿದರು. ಅದನ್ನು ನೋಡಿಕೊಳ್ಳಲು ಸೋಮಶೇಖರಪ್ಪನನ್ನು ಆರಿಸಿದರು. ಒಂಟಿ ಗಂಡಸು ಪರದೇಶದಲ್ಲಿ ಕೆಟ್ಟುಹೋಗುತ್ತಾನೆ, ಸಂಸಾರ ಸಮೇತ ಹೋಗಲಿ ಎಂದೂ ಅವರೇ ತೀರ್ಮಾನಿಸಿದರು. ಹೀಗೆ ೧೯೩೭ರಲ್ಲಿ ಗಂಡ, ಹೆಂಡತಿ, ಮೂರು ವರ್ಷದ ಮಗಳು ಗುರುಬಸಮ್ಮ, ಗಂಡನ ಮುದುಕಿ ತಾಯಿ ಕೊಟ್ರಮ್ಮ ಸಮುದ್ರ ದಾಟಲು ಗಂಟುಮೂಟೆ ಕಟ್ಟಿದರು.

ಕೊಟ್ರಮ್ಮ ಮೊದಲು ಒಲ್ಲೆನೆಂದಳು. ಸಮುದ್ರಕ್ಕೆ ಹೆದರಿ ಅಲ್ಲ. ಅವಳ ಹೆದರಿಕೆ ಸಾವಿನ ಆಚೆಯದು. ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕುಳಿತ ಹಾಗೆ ಮಣ್ಣಿನಲ್ಲಿ ಕೂರಿಸುತ್ತಾರೆ. ಗುರುತಿಲ್ಲದ ದೇಶದಲ್ಲಿ ತನ್ನನ್ನು ಹಾಗೆ ಕೂರಿಸುವವರು ಯಾರು ಎಂಬುದು ಮುದುಕಿಯ ಚಿಂತೆ. ಕಡೆಗೆ ಸೊಸೆಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ನಾ ಬರ್ತೀನಿ. ಆದ್ರ ಅಲ್ಲಿ ನನ್ನ ಜೀವ ಹೋತಂದ್ರ ಸುಡಬ್ಯಾಡ್ರಿ, ನೀರಾಗ ಬಿಡಬ್ಯಾಡ್ರಿ. ಒಣ ಜಾಗದಾಗ ಕುಂದರಸ್ರಿ. ನನ್ನ ಮಗ ನಾಕು ಮಂದಿ ಹೇಳಿದಂಗ ಕೇಳಾವ. ಅದಕ್ಕ ನೀ ಮಾತು ಕೊಡು.”

ಹೂವಮ್ಮ ಎದೆಯ ಮೇಲಿನ ಲಿಂಗ ಮುಟ್ಟಿ ಮಾತು ಕೊಟ್ಟಳು. ಒಣ ಜಾಗವೇನು ಮಹಾ? ಹುಟ್ಟಿದಂದಿನಿಂದ ಅವಳು ನೋಡಿದ್ದೆಲ್ಲ ಒಣ ಜಾಗವೇ.

ಅವರು ಮೌಲ್ಮೇನ್ ಮುಟ್ಟಿದ್ದು ಬೇಸಿಗೆಯಲ್ಲಿ. ಬಿಸಿಲು ಚುರ್ರೆನ್ನುತ್ತಿತ್ತು, ಅಂಗಳ ಬಿರುಕು ಬಿಟ್ಟಿತ್ತು. ಇರಲು ಕೊಟ್ಟ ಮನೆ ಮರದ ಕಂಬಗಳ ಮೇಲೆ ನಿಂತಿತ್ತು. ಹಲಗೆಯ ನೆಲ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು, ಕೆಳಗೆ ಕೋಳಿಗಳ ಓಡಾಟ. ಮನೆಗೆ ಕಾಲು ಬಂದಿದೆ ಎಂದು ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವ ಬದಲು, ಈ ಊರಿನವರು ಮನೆಯನ್ನು ಯಾಕೆ ಹೀಗೆ ಕಾಲ ಮೇಲೆ ನಿಲ್ಲಿಸಿದ್ದಾರೆ ಎಂದು ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ.

ಅಲ್ಲಿ ಎಲ್ಲರೂ ತಿನ್ನುವುದು ಅನ್ನ. ಅನ್ನ ಹಬ್ಬಕ್ಕೆ ಸರಿ, ದಿನಾ ತಿಂದರೆ ಮೈಯಲ್ಲಿ ಕಸುವು ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಡಗಿನಲ್ಲಿ ಅನ್ನ ತಿಂದ ಗುರುಬಸಮ್ಮ ಎರಡು ಸಲ ಕಾರಿಕೊಂಡಿದ್ದಳು. ಸಮುದ್ರದ ಮೇಲೆ ಯಾವ ಮಗು ಕಾರುವುದಿಲ್ಲ ಹೇಳಿ! ಆದರೆ ಅಮ್ಮನೂ ಅಜ್ಜಿಯೂ ಅನ್ನ ಈ ಕೂಸಿಗೆ ಆಗುವುದಿಲ್ಲ ಎಂದು ನಿಶ್ಚಯ ಮಾಡಿಬಿಟ್ಟರು. ಅದಕ್ಕಾಗಿಯೇ ಹೂವಮ್ಮ ತವರೂರು ಕೌತಾಳದ ಹೊಲದ ಜೋಳವನ್ನು ಚೀಲಗಟ್ಟಲೆ ಎಣ್ಣೆ ಡಬ್ಬಗಳ ಜೊತೆ ಹಡಗಿಗೆ ಹಾಕಿಸಿಕೊಂಡು ಬಂದಿದ್ದಳು. ಬಿರುಕು ಬಿಟ್ಟ ಅಂಗಳ ನೋಡಿದ್ದೇ ಸೀರೆ ಕಚ್ಚೆ ಹಾಕಿ ನಿಂತು ಹಗೇವು ತೋಡಿಸಲು ಶುರುಮಾಡಿದಳು.

ಅಂಗಡಿಯಲ್ಲಿ ಮಾರಣ್ಣನೆಂಬ ತೆಲುಗು ಆಳು ಇದ್ದ. ಕರಾವಳಿಯ ಕಡೆಯಿಂದ ಬಂದು ಆ ಊರಿನಲ್ಲಿ ಕೂದಲು ನರೆಸಿಕೊಂಡವನು. ಗುದ್ದಲಿ ಹಿಡಿದು ಅರ್ಧಕ್ಕೆ ನಿಂತು ಹೇಳಿದ:

“ಅಮ್ಮಾ, ಇಕ್ಕಡ ಪಾತರ ತವ್ವಿತೇ ಬಾವಿ ಅವುತುಂದಿ.”

ಇಲ್ಲಿ ಹಗೇವು ತೋಡಿದರೆ ಬಾವಿಯಾಗುತ್ತದೆ ಎಂದು ಅವನ ಮಾತು. ಹೂವಮ್ಮನಿಗೆ ತೆಲುಗು ಮನೆಮಾತಿನಷ್ಟೇ ಬರುತ್ತಿತ್ತು, ಮಾತು ಸರಿಯಾಗಿಯೇ ತಿಳಿಯಿತು. ಆದರೆ ಮೀನು ಹಿಡಿಯುವ ಸೀಮೆಯವನಿಗೆ ಜೋಳದ ವಿಷಯ ಏನು ಗೊತ್ತು ಎಂದುಕೊಂಡಳು. ಗುಂಡಿ ತೋಡಿಯಾಯಿತು, ಸುಟ್ಟಾಯಿತು, ತುಂಬಿಯಾಯಿತು. ಹಿಡಿಸದೆ ಮಿಕ್ಕ ಜೋಳವನ್ನು ಅಂಗಡಿಯ ದೊಡ್ಡ ಜಾಡಿಯೊಂದಕ್ಕೆ ಸುರಿಸಿ ಮನೆಯ ಮೂಲೆಯಲ್ಲಿಟ್ಟಳು. ಒಳಗೆ ಹೊರಗೆ ಹೊಳಪು ಹಚ್ಚಿ ಸುಟ್ಟ, ಬಾಯಿ ಅಗಲವಾದ, ಒಬ್ಬಳು ಹೆಂಗಸು ಕುಳಿತರೆ ಕಾಣದಷ್ಟು ಎತ್ತರದ ಜಾಡಿ ಅದು. ನದಿಯಾಚೆಯ ಊರಿನಲ್ಲಿ ಅಂಥವನ್ನು ಎಣ್ಣೆಗೂ ನೀರಿಗೂ ಮಾಡಿ ಮಾರುತ್ತಿದ್ದರು.

ಆಮೇಲೆ ಮಳೆ ಬಂತು.

ನಮ್ಮ ಕಡೆ ಮಳೆ ಬಂತೆಂದರೆ ಜನ ಬಾಗಿಲಿಗೆ ಬಂದು ನಿಂತು ಕೈಮುಗಿಯುತ್ತಾರೆ. ಹೂವಮ್ಮನೂ ಮೊದಲ ದಿನ ಕೈಮುಗಿದಳು. ಅದು ನಿಲ್ಲಲೇ ಇಲ್ಲ. ಹಗ್ಗದ ಮೇಲಿನ ಸೀರೆ ಒಣಗುವ ಮೊದಲೇ ನಾತ ಹಿಡಿಯಿತು. ಉಪ್ಪು ನೀರಾಯಿತು. ಲಿಂಗ ಸುತ್ತಿದ ರೇಷ್ಮೆ ಬಟ್ಟೆಗೆ ಬೂಷ್ಟು ಬಂತು. ವಿಭೂತಿ ಗಟ್ಟಿ ಮೆತ್ತಗಾಗಿ, ಹಣೆಗೆ ಎಳೆದರೆ ಬೆರಳಿಗೆ ಅಂಟುತ್ತಿತ್ತೇ ಹೊರತು ಹಣೆಯ ಮೇಲೆ ನಿಲ್ಲುತ್ತಿರಲಿಲ್ಲ. ಇದು ಯಾವಾಗ ನಿಲ್ಲುತ್ತದೆ ಎಂದು ಮಾರಣ್ಣನನ್ನು ಕೇಳಿದರೆ ದಸರೆ ಕಳೆಯಲಿ ಎಂದ. ತಮಾಷೆ ಮಾಡುತ್ತಿದ್ದಾನೆಂದು ಸೋಮಶೇಖರಪ್ಪ ನಕ್ಕ. ಮಾರಣ್ಣ ನಗಲಿಲ್ಲ.

ಒಂದು ಬೆಳಗ್ಗೆ ಹಲಗೆ ಸಂದಿನಿಂದ ಹುಳಿ ವಾಸನೆ ಮೇಲೆ ಬಂತು. ಹೂವಮ್ಮ ಓಡಿಹೋಗಿ ಕೈಯಿಂದಲೇ ಮಣ್ಣು ಕೆದರಿದಳು. ಹಗೇವಿನ ಬಾಯಿ ತುಂಬ ನೀರು, ನೀರಿನ ಮೇಲೆ ನೊರೆ, ಊದಿ ಮೊಳೆತು ಕಪ್ಪಾದ ಜೋಳ. ಅಪ್ಪ ಕಲಿಸಿದ್ದರಲ್ಲಿ ಒಂದೂ ತಪ್ಪದ ಹಾಗೆ ಮಾಡಿದ್ದಳು. ನೆಲ ಮಾತ್ರ ಅಪ್ಪನ ನೆಲವಾಗಿರಲಿಲ್ಲ. ಮಳೆಯಲ್ಲಿ ಅಲ್ಲೇ ಕುಕ್ಕರಿಸಿ ತಲೆ ಮೇಲೆ ಕೈ ಹೊತ್ತು ಕೂತಳು. ಕೊಟ್ರಮ್ಮ ಮೇಲಿನಿಂದ ನೋಡಿ ಒಂದು ಕೆಟ್ಟ ಮಾತೂ ಆಡಲಿಲ್ಲ. ಜಾಡಿಯಲ್ಲಿ ಇದೆಯಲ್ಲ, ಅದು ಕೂಸಿಗಿರಲಿ, ನಾವು ದೊಡ್ಡವರು ಅನ್ನ ತಿಂದರಾಯಿತು ಎಂದಳು.

ಅಂದಿನಿಂದ ರೊಟ್ಟಿ ಮಗುವಿಗೆ, ಅನ್ನ ಉಳಿದವರಿಗೆ. ಮುದುಕಿ ತಟ್ಟೆ ಖಾಲಿ ಮಾಡಿ ಏಳುತ್ತಿದ್ದಳು. ಅನ್ನ ಒಗ್ಗಿತು ಎನ್ನುತ್ತಿದ್ದಳು. ಆದರೂ ದಿನದಿನಕ್ಕೆ ಸೊರಗಿದಳು, ಕೆಮ್ಮು ಹತ್ತಿತು, ಬಳೆ ಮೊಣಕೈವರೆಗೂ ಸರಿಯುವಂತಾಯಿತು. ಹೂವಮ್ಮನಿಗೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಒಮ್ಮೆ ಕೆಳಗೆ ಹೋದಾಗ ನೋಡುತ್ತಾಳೆ, ಅತ್ತೆ ಊಟಕ್ಕೆ ಕೂರುವ ಜಾಗದ ನೇರ ಕೆಳಗೆ ಕೋಳಿಗಳೆಲ್ಲ ಕತ್ತೆತ್ತಿ ಕಾದು ನಿಂತಿವೆ. ಮುದುಕಿ ಅನ್ನದ ತುತ್ತು ಕಟ್ಟಿ ಕಟ್ಟಿ ಸಂದಿನಲ್ಲಿ ಬಿಡುತ್ತಿದ್ದಳು. ಅನ್ನ ಅವಳ ಗಂಟಲಿಗೆ ಇಳಿಯುತ್ತಿರಲಿಲ್ಲ. ಇಳಿಯುವುದಿಲ್ಲವೆಂದರೆ ಸೊಸೆ ಜಾಡಿಗೆ ಕೈ ಹಾಕುತ್ತಾಳೆ, ಮೊಮ್ಮಗಳ ಪಾಲು ಕಡಿಮೆಯಾಗುತ್ತದೆ. ಹೂವಮ್ಮ ಮೇಲೆ ಓಡಿ ಬಂದು, ಅಳುತ್ತ ರೊಟ್ಟಿ ತಟ್ಟಿ, ಹಾಲಿನಲ್ಲಿ ಕಿವುಚಿ ಬಾಯಿಗಿಟ್ಟಳು. ಕೊಟ್ರಮ್ಮನಿಗೆ ನುಂಗಲು ಆಗಲಿಲ್ಲ. ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕೊಟ್ಟ ಮಾತನ್ನು ನೆನಪಿಸಲು ಹಿಡಿದಳೆಂದು ಇಬ್ಬರಿಗೂ ಗೊತ್ತಿತ್ತು.

ಶ್ರಾವಣದ ಮೊದಲ ವಾರದಲ್ಲಿ ಜೀವ ಹೋಯಿತು.

ಜಂಗಮರಿಲ್ಲ, ತಮ್ಮವರೆಂಬ ಒಂದು ಮನೆಯಿಲ್ಲ. ಹೂವಮ್ಮನೇ ಸ್ನಾನ ಮಾಡಿಸಿ, ಅತ್ತೆಯನ್ನು ಗೋಡೆಗೊರಗಿಸಿ ಕೂರಿಸಿ, ಬೀಳದ ಹಾಗೆ ಬಟ್ಟೆಯಿಂದ ಕಟ್ಟಿದಳು. ಮಗುವನ್ನು ಮಾರಣ್ಣನ ಹೆಂಡತಿ ತನ್ನ ಗುಡಿಸಲಿಗೆ ಎತ್ತಿಕೊಂಡು ಹೋದಳು. ಸೋಮಶೇಖರಪ್ಪ, ಮಾರಣ್ಣ ಗುದ್ದಲಿ ಹಿಡಿದು ಹೊರಟರು. ಅಂಗಳದಲ್ಲಿ ಮೊಣಕಾಲುದ್ದ ತೋಡುವಷ್ಟರಲ್ಲಿ ನೀರು ಬುಗ್ಗೆಂದಿತು. ರಸ್ತೆಯ ಆಚೆ ತೋಡಿದರು, ಅಲ್ಲೂ ನೀರು. ಊರ ಬೆನ್ನಿಗೆ ಗುಡ್ಡವಿತ್ತು, ಗುಡ್ಡದ ತುಂಬ ಬರ್ಮಾದವರ ಬುದ್ಧನ ದೇವಸ್ಥಾನಗಳು. ಅಲ್ಲಿನ ಸನ್ಯಾಸಿ ಇವರನ್ನು ಕೂರಿಸಿ, ಬಿಸಿನೀರು ಕೊಟ್ಟು, ಮರುಕದಿಂದಲೇ ಆಗುವುದಿಲ್ಲವೆಂದು ತಲೆಯಾಡಿಸಿದ. ನಮ್ಮ ದೇಶದ ಬೇರೆ ಹಿಂದೂಗಳು, ತಗಡಿನ ಚಪ್ಪರದ ಕೆಳಗೆ ಸುಡುವ ಜಾಗವಿದೆ, ಹೆಣ ಇಟ್ಟುಕೊಂಡು ಹಟ ಮಾಡಬೇಡಿ ಎಂದರು.

ಮಾರನೆಯ ದಿನವೂ ಹೀಗೆಯೇ ಕಳೆಯುತ್ತ ಬಂತು. ಸೋಮಶೇಖರಪ್ಪ ಕೆಸರು ಮೈಯಲ್ಲಿ ಮೆಟ್ಟಿಲ ಮೇಲೆ ಕುಸಿದ. ತಾಯಿಯ ಕಡೆ ನೋಡಲಾರದೆ ಮುಖ ತಿರುಗಿಸಿಕೊಂಡೇ ಹೇಳಿದ:

“ಸುಟ್ಟುಬಿಡಾಣು. ಇನ್ನ ಇಡಾಕ ಆಗಂಗಿಲ್ಲ. ದೇವ್ರು ಕ್ಷಮಿಸ್ತಾನ.”

“ದೇವ್ರು ಕ್ಷಮಿಸ್ತಾನ್ರಿ,” ಎಂದಳು ಹೂವಮ್ಮ. “ಅತ್ತಿ?”

ಇಷ್ಟು ದೊಡ್ಡ ದೇಶದಲ್ಲಿ ಒಬ್ಬ ಮುದುಕಿ ಕೂರುವಷ್ಟು ಒಣ ಜಾಗವಿಲ್ಲವೇ? ಮನೆಯಲ್ಲೆಲ್ಲ ಕಣ್ಣಾಡಿಸಿದಳು. ಹಾಸಿಗೆ ಹಸಿ, ಸೌದೆ ಹಸಿ, ಗೋಡೆ ಹಸಿ. ಮೂಲೆಯ ಜಾಡಿಯ ಮುಚ್ಚಳ ತೆಗೆದು ಮೊಣಕೈವರೆಗೂ ಕೈ ಇಳಿಸಿದಳು. ಜೋಳ ಸರಸರ ಸರಿಯಿತು. ಒಳಗೆ ಕೌತಾಳದ ಬೇಸಿಗೆ ಇನ್ನೂ ಉಳಿದಿತ್ತು.

ಗಂಡನಿಗೆ ಹೇಳಿದಳು, ಜಾಡಿಯಲ್ಲಿ ಕೂರಿಸೋಣ, ಬಾಯಿ ಮುಚ್ಚಿ ಮಣ್ಣಿಗಿಡೋಣ ಎಂದು. ಮಾರಣ್ಣ ಒಂದು ಕ್ಷಣ ಯೋಚಿಸಿ, ಬರಿ ಜಾಡಿ ನೀರಿನಲ್ಲಿ ತೇಲುತ್ತದೆ, ಒಳಗೆ ಭಾರ ತುಂಬಬೇಕು ಎಂದ. ಭಾರಕ್ಕೆ ಹಸಿ ಕೆಸರು ತುಂಬಿದರೆ ಮಾತು ಕೊಟ್ಟು ಏನು ಬಂತು? ಜೋಳವನ್ನೇ ತುಂಬೋಣ ಎಂದಳು ಹೂವಮ್ಮ. ಸೋಮಶೇಖರಪ್ಪ ಎದ್ದು ನಿಂತುಬಿಟ್ಟ.

“ಅದು ಬಸಮ್ಮನ ರೊಟ್ಟಿ. ನಮ್ಮವ್ವ ಹೊಟ್ಟಿ ಕಟ್ಟಿ ಉಳಿಸಿದ್ದು. ಅದನ್ನ ಮಣ್ಣಾಗ ಹಾಕಂತೀಯ? ಕೂಸು ಏನು ತಿನ್ನಬೇಕು?”

ಸತ್ತವಳಿಗೆ ಕೊಟ್ಟ ಮಾತು ಒಂದು ಕಡೆ, ಹೆತ್ತ ಕೂಸು ಒಂದು ಕಡೆ. ಆಗಲೇ ಮಾರಣ್ಣನ ಹೆಂಡತಿ ಗುರುಬಸಮ್ಮನನ್ನು ಹೆಗಲ ಮೇಲೆ ಮಲಗಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ಹೆದರುತ್ತ ಹೆದರುತ್ತ ತೆಲುಗಿನಲ್ಲಿ ತಪ್ಪೊಪ್ಪಿಕೊಂಡಳು. ನಿಮ್ಮ ಮಡಿ ನನಗೆ ಗೊತ್ತು ತಾಯಿ, ಆದರೆ ಮಗು ಹಸಿದು ಅತ್ತಿತು, ನಿನ್ನೆಯಿಂದ ಅನ್ನವನ್ನು ಮೆತ್ತಗೆ ಬೇಯಿಸಿ ಉಪ್ಪು ಹಾಕಿ ಕೊಡುತ್ತಿದ್ದೇನೆ, ಕೇಳಿ ಕೇಳಿ ತಿಂದಿತು ಎಂದಳು. ಕಾರಿಕೊಳ್ಳಲಿಲ್ಲವೇ ಎಂದಳು ಹೂವಮ್ಮ. ಇಲ್ಲವಲ್ಲ, ಯಾಕೆ ಕಾರುತ್ತದೆ ಎಂದಳು ಅವಳು.

ಮಗುವಿನ ತುಟಿಯ ಪಕ್ಕದಲ್ಲಿ ಅನ್ನದ ಒಂದು ಅಗುಳು ಅಂಟಿಕೊಂಡಿತ್ತು. ಹೂವಮ್ಮ ಅದನ್ನು ಬೆರಳಿನಿಂದ ತೆಗೆದು ನೋಡುತ್ತ ನಿಂತಳು. ಆಮೇಲೆ, ಅತ್ತೆಯ ಜೀವ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಓಡಾಡಿದವಳು, ಗೋಡೆಗೆ ಕಟ್ಟಿದ ಅತ್ತೆಯ ಪಾದದ ಮೇಲೆ ಬಿದ್ದು, ಯಾರ ಸಲುವಾಗಿ ಉಪವಾಸ ಸತ್ತಿರಿ ಅತ್ತಿ ಎಂದು ಬಾಯಿ ಬಾಯಿ ಬಡಿದುಕೊಂಡು ಅತ್ತಳು. ಕೆಳಗಿನ ಕೋಳಿಗಳು ಬೆದರಿ ಚದುರಿದವು. ಸೋಮಶೇಖರಪ್ಪ ತಾನೇ ಹೋಗಿ ಜಾಡಿಗೆ ಕೈ ಹಾಕಿದ.

ಜೋಳ ತೋಡಿ ತೆಗೆದು, ಕೊಟ್ರಮ್ಮನನ್ನು ಜಾಡಿಯೊಳಗೆ ಕೂರಿಸಿದರು. ಸೊರಗಿ ಸೊರಗಿ ಮಗುವಿನಷ್ಟಾಗಿದ್ದಳು, ಕಷ್ಟವಾಗಲಿಲ್ಲ. ಎಡ ಅಂಗೈಯಲ್ಲಿ ಲಿಂಗವಿಟ್ಟರು. ಮೆತ್ತಗಾದ ವಿಭೂತಿಯನ್ನು ಹೂವಮ್ಮ ಒಲೆಯ ಬಳಿ ಕಾಯಿಸಿ ಪುಡಿ ಮಾಡಿ ಹಣೆಗೆ ಹಚ್ಚಿದಳು, ಈ ಸಲ ನಿಂತಿತು. ಸೊಂಟದವರೆಗೆ, ಎದೆಯವರೆಗೆ, ಕತ್ತಿನವರೆಗೆ ಜೋಳ ಸುರಿದರು. ಮುಖ ಮುಚ್ಚುವ ಬೊಗಸೆಯನ್ನು ಮಗನೇ ಹಾಕಬೇಕಾಯಿತು. ಮಾರಣ್ಣ ದೋಣಿಯ ಬಿರುಕಿಗೆ ಮೆತ್ತುವ ರಾಳ ಕಾಯಿಸಿ ತಂದು ಮುಚ್ಚಳದ ಸುತ್ತ ಮೆತ್ತಿದ. ಅಂಗಳದ ಗುಂಡಿಯನ್ನು ನೀರಿನಲ್ಲೇ ಆಳ ಮಾಡಿ, ಹಗ್ಗ ಕಟ್ಟಿ ಇಳಿಸಿದಾಗ ಜಾಡಿ ಒಮ್ಮೆ ಓಲಾಡಿತು, ಮುಳುಗಲು ಒಲ್ಲೆನೆಂಬ ಹಾಗೆ. ಆಮೇಲೆ ಮೆಲ್ಲಗೆ ಕೆಳಗೆ ಹೋಯಿತು. ಓಂ ನಮಃ ಶಿವಾಯ ಎನ್ನುತ್ತ ಮೇಲೆ ಕಲ್ಲು ಹೇರಿ ಕೆಸರು ಎಳೆದರು.

ಆ ಸಂಜೆ ಹೂವಮ್ಮ ಅನ್ನ ಮಾಡಿ ಮಗಳಿಗೆ ಉಣ್ಣಿಸಿ ತಾನೂ ಉಂಡಳು. ಒಂದು ಅಗುಳೂ ಕೆಳಗೆ ಬೀಳದ ಹಾಗೆ ಹಲಗೆ ಸಂದಿಗೆ ಚಾಪೆ ಹಾಸಿಕೊಂಡಿದ್ದಳು.

ನಾಲ್ಕು ವರ್ಷದ ಮೇಲೆ, ಯುದ್ಧದ ಸುದ್ದಿ ಹತ್ತಿರವಾದಾಗ, ಸಾಹುಕಾರರು ಅಂಗಡಿ ಮುಚ್ಚಿ ಇವರನ್ನು ವಾಪಸು ಕರೆಸಿಕೊಂಡರು. ಸೋಮಶೇಖರಪ್ಪ ಮತ್ತೆ ಆದೋನಿಯ ಗಾಣ ಹಿಡಿದ. ಹೂವಮ್ಮ ಹೆಚ್ಚಾಗಿ ಕೌತಾಳದಲ್ಲೇ ಉಳಿದಳು. ಗುರುಬಸಮ್ಮ ಗುಂಡುಗುಂಡಾಗಿ ಬೆಳೆದು, ರೊಟ್ಟಿ ಬೇಡ ಅನ್ನ ಬೇಕು ಎಂದು ಹಟ ಮಾಡುವ ಹುಡುಗಿಯಾದಳು. ಹಾಗೆ ಹಟ ಮಾಡಿದಾಗಲೆಲ್ಲ ಹೂವಮ್ಮ ಎದ್ದು ಹೊರಗೆ ಹೋಗುತ್ತಿದ್ದಳು.

ರಾಳ ಬಿಗಿಯಾಗಿ ಹಿಡಿಯಿತೋ ಇಲ್ಲವೋ, ನೀರು ಒಳಗೆ ಹೋಯಿತೋ ಇಲ್ಲವೋ, ಅವಳಿಗೆ ಕಡೆಯವರೆಗೂ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಅವಳು ಹಾಸಿಗೆ ಹಿಡಿದ ವರ್ಷ ಹಗೇವು ತೆರೆದಾಗಲೂ ಹಟ ಹಿಡಿದು ಎತ್ತಿಸಿಕೊಂಡು ಹೋದಳು. ಅಂದು ಮಾತ್ರ ಗುರುಬಸಮ್ಮ ತಾಯಿಯ ತೋಳು ಹಿಡಿದು ಪಕ್ಕದಲ್ಲೇ ಕೂತಿದ್ದಳು, ಹಾಗಾಗಿ ಅವಳಿಗೆ ಕೇಳಿಸಿತು. ಹೂವಮ್ಮ ಕತ್ತಲಿಗೆ ಬಗ್ಗಿ, ಒಣ ಜೋಳದ ಬಿಸಿ ಮುಖಕ್ಕೆ ತಾಗುವಷ್ಟು ಹತ್ತಿರ ಹೋಗಿ, ಮೆಲ್ಲಗೆ ಕೇಳಿದಳು:

“ಅತ್ತಿ, ಒಣ ಜಾಗದಾಗ ಅದೀರಿಲ್ಲ?”